ಸಿನಿಮಾ ಅಭಿಮಾನಿಯ ಮಾತು: ಹಳತು, ಹೊಸತು ಮತ್ತು ಗಡಿನಾಡಿನ ಕಿವಿ

ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಹೇಳಿರೆಂದರೆ ಹಿಂಜರಿಯುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಸಿನಿಮಾದ ಮಾತು ಬಂದಿತೆಂದರೆ ಹಿಂಜರಿಯುವವರು ಯಾರೂ ಇಲ್ಲ. ಪಂಪನ ಪದ್ಯವೊಂದರ ಗುಣದೋಷಗಳನ್ನು ವಿವೇಚಿಸಬೇಕಾದಾಗ ಟೀಕೆಯ ಪುಸ್ತಕವನ್ನು ಅರಸುವ ಅಧ್ಯಾಪಕ ಮಹಾಶಯರೂ, ರಾಜಕುಮಾರರ ಯಾವ ಚಿತ್ರ ಮೇಲಾದುದೆಂಬ ಪ್ರಶ್ನೆಗೆ ಕ್ಷಣವೂ ತಡೆಯದೆ ತೀರ್ಪು ಕೊಟ್ಟುಬಿಡುತ್ತಾರೆ. ಶಾಲೆಯ ವಿರಾಮದ ವೇಳೆಯಲ್ಲಿ, ಬಸ್ಸಿಗಾಗಿ ಕಾಯುವಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಈ ಚರ್ಚೆ ನಡೆಯದ ದಿನವಿಲ್ಲ. ಅದರಲ್ಲಿ ಪಕ್ಷಗಳು ಎರಡೇ. 'ಹಳೆಯ ಚಿತ್ರಗಳ ಮುಂದೆ ಈಗಿನವು ಏನೂ ಅಲ್ಲ' ಎಂಬುದು ಒಂದು. 'ಹಳೆಯವು ನಾಟಕದಂತಿವೆ, ಸಿನಿಮಾ ಹುಟ್ಟಿದ್ದೇ ಈಗ' ಎಂಬುದು ಇನ್ನೊಂದು. ಎರಡು ಪಕ್ಷದವರೂ ತಾವು ಚಿತ್ರಗಳ ವಿಷಯವಾಗಿ ಮಾತನಾಡುತ್ತಿದ್ದೇವೆಂದು ನಂಬಿದ್ದಾರೆ. ಗಡಿನಾಡಿನಲ್ಲಾದರೂ ಈ ವಾದದ ಅಡಿಯಲ್ಲಿ ಬೇರೊಂದು ವಾದ ಅಡಗಿದೆಯೆಂದು ನಮಗೆ ತೋರುತ್ತದೆ. ಅದನ್ನು ಹೊರಗೆ ತೆಗೆದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು 'ಅಭಿಮಾನಿ' ಎಂಬ ಹೆಸರನ್ನೇ ಗಮನಿಸೋಣ. ಕಾವ್ಯವನ್ನು ಸವಿಯುವವನನ್ನು ನಮ್ಮ ಅಲಂಕಾರಶಾಸ್ತ್ರ ಸಹೃದಯನೆಂದು ಕರೆಯಿತು. ಸಿನಿಮಾ ನೋಡುವವನಿಗೆ ನಮ್ಮ ಕಾಲ ಕೊಟ್ಟ ಹೆಸರು ಅಭಿಮಾನಿ. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದ ಮೇಲಂತೂ ಆ ಹೆಸರಿಗೆ ಪಟ್ಟಾಭಿಷೇಕವೇ ಆದಂತಾಯಿತು. ಅಭಿನವಗುಪ್ತನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿದ್ದಾನೆ. ಇದು ನನ್ನದು, ಅದು ಪರರದು ಎಂಬ ಬಿಗಿತದಿಂದ ದೇಶಕಾಲಗಳಿಗೆ ಕಟ್ಟುಬೀಳುವುದು ಅವುಗಳಲ್ಲೊಂದು. ತನ್ನ ಸುಖದುಃಖಗಳಿಗೆ ತಾನೇ ಪರವಶನಾಗಿ ಎದುರಿನ ವಸ್ತುವನ್ನು ಮರೆಯುವುದು ಮತ್ತೊಂದು. ಅಭಿಮಾನಿಯ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಇಂದಿನವರೂ ಬಣ್ಣಿಸಲಾರರು. ತಾನು ಹದಿನಾರು ವರ್ಷದವನಾಗಿದ್ದಾಗ ಕಂಡ ಚಿತ್ರವನ್ನು ಹೊಗಳುವವನು ಆ ಚಿತ್ರದ ಜೊತೆಗೆ ತನ್ನ ಹದಿನಾರನೆಯ ವರ್ಷವನ್ನೂ ಹೊಗಳುತ್ತಿರುತ್ತಾನೆ.

ಹಾಗೆಂದು ಅಭಿಮಾನಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪತ್ರಿಕೆಯ ವಿಮರ್ಶಕನು ಚಿತ್ರವನ್ನು ಒಂದು ಸಲ ನೋಡುತ್ತಾನೆ; ಅಭಿಮಾನಿ ಹತ್ತು ಸಲ ನೋಡುತ್ತಾನೆ. ಒಂದು ಕೃತಿಯನ್ನು ಹತ್ತು ಸಲ ಓದಿದವನ ಮಾತಿಗೆ ಸಾಹಿತ್ಯದಲ್ಲಿ ನಾವು ಬೆಲೆ ಕೊಡುವುದಿಲ್ಲವೆ? 'ಬಂಗಾರದ ಮನುಷ್ಯ' ೧೯೭೨ರಲ್ಲಿ ತೆರೆಕಂಡಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರ ಬೆಂಗಳೂರಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಹಿಂದಿರುಗಿದವರ ಕಥೆಗಳನ್ನು ಅಭಿಮಾನಿಗಳು ಈಗಲೂ ಹೇಳುತ್ತಾರೆ. ಈ ಕಥೆಗಳಲ್ಲಿ ನಿಜವೆಷ್ಟೆಂದು ಅಳೆಯುವುದು ಕಷ್ಟ. ಆದರೆ ಒಂದು ಚಿತ್ರ ತನ್ನ ಪ್ರೇಕ್ಷಕರಿಂದ ಏನನ್ನು ಬೇಡಿತೆಂಬುದಕ್ಕೆ ಇವುಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇರೆಲ್ಲಿದೆ? ಇನ್ನೂ ಒಂದು ಕಾರಣಕ್ಕಾಗಿ ಹಿರಿಯರ ನೆನಪು ನಮಗೆ ಬೇಕು. ಕನ್ನಡದ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (೧೯೩೪). ಅದು ತಯಾರಾದುದು ಗಡಿಯಾಚೆಯ ಕೊಲ್ಹಾಪುರದಲ್ಲಿ. ಅದರ ಪ್ರತಿಯೊಂದೂ ಇಂದು ಉಳಿದಿಲ್ಲ. ಹಳೆಯ ಕನ್ನಡ ಚಿತ್ರಗಳಲ್ಲಿ ಅನೇಕವುಗಳ ಗತಿ ಇದೇ ಆಗಿರುವುದರಿಂದ ನೋಡಿದವರ ಬಾಯಿಮಾತೇ ಅವುಗಳ ಉಳಿದ ಗ್ರಂಥ.

ಆದರೂ ಹಳತಿನ ಪಕ್ಷದವರು ಒಂದು ವಿಷಯವನ್ನು ಮರೆಯುತ್ತಾರೆ. ಅವರು ನೆನೆಯುವ ಹಳತು ಮೊರದಲ್ಲಿ ಕೇರಿ ಉಳಿದ ಕಾಳು. ಹೊಟ್ಟೆಲ್ಲ ಎಂದೋ ಹಾರಿಹೋಗಿದೆ. ಹೊಸತಾದರೋ ಇನ್ನೂ ಕಣದಲ್ಲಿ ರಾಶಿಬಿದ್ದಿದೆ. ಅದರಲ್ಲಿ ಹೊಟ್ಟು ಹೆಚ್ಚು ಕಾಣುವುದು ಸಹಜ. ಐವತ್ತು ವರ್ಷಗಳ ಕಾಳನ್ನು ಈ ವರ್ಷದ ರಾಶಿಯೊಂದಿಗೆ ತೂಗಿ ಈ ವರ್ಷದ್ದು ಹಗುರವೆಂದರೆ ತಕ್ಕಡಿಯ ತಪ್ಪೇ ಹೊರತು ಬೆಳೆಯ ತಪ್ಪಲ್ಲ. ಹೊಸತಿನ ಪಕ್ಷದವರ ತಪ್ಪು ಇದಕ್ಕಿಂತ ದೊಡ್ಡದೇನಲ್ಲ. ತಂತ್ರಸಾಮಗ್ರಿಯ ಏಳಿಗೆಯನ್ನು ಅವರು ಕಲೆಯ ಏಳಿಗೆಯೆಂದು ತಿಳಿಯುತ್ತಾರೆ. ಇದನ್ನು ಹೆಚ್ಚು ಬೆಳೆಸಬೇಕಾಗಿಲ್ಲ.

ಇನ್ನು ನಮ್ಮ ಗಡಿನಾಡಿನ ಪ್ರೇಕ್ಷಕನ ವಿಷಯಕ್ಕೆ ಬರೋಣ. ಒಳನಾಡಿನವನಿಗಿಲ್ಲದ ಒಂದು ಸೌಕರ್ಯ ಇವನಿಗಿದೆ. ೧೯೬೦ರ ದಶಕದ ಚಳವಳಿಯ ತರುವಾಯ ಬೇರೆ ಭಾಷೆಯ ಚಿತ್ರಗಳು ಕನ್ನಡದ ಮಾತು ತೊಟ್ಟು ಕರ್ನಾಟಕದ ಚಿತ್ರಮಂದಿರಗಳಿಗೆ ಬರುವುದು ದಶಕಗಳ ಕಾಲ ನಿಂತೇಹೋಗಿತ್ತು. ೨೦೧೫ರಲ್ಲಿ ಸ್ಪರ್ಧಾ ಆಯೋಗವು ಕೊಟ್ಟ ತೀರ್ಪಿನ ಅನಂತರ ಆ ಬಾಗಿಲು ತೆರೆಯಿತು. ಗಡಿನಾಡಿನವನಿಗೆ ಈ ಬಾಗಿಲು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಅವನು ನೆರೆಭಾಷೆಯ ಚಿತ್ರವನ್ನು ಆ ಭಾಷೆಯಲ್ಲಿಯೇ ಕೇಳಿ ಬೆಳೆದವನು. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರು 'ಮಾಯಾಬಜಾರ್' (೧೯೫೭) ಚಿತ್ರದ ಘಟೋತ್ಕಚನನ್ನು ಎಸ್. ವಿ. ರಂಗರಾಯರ ಕಂಠದಲ್ಲಿಯೇ ಕೇಳಿದವರು; ಪಿಂಗಳಿ ನಾಗೇಂದ್ರರಾಯರು ಆ ಚಿತ್ರಕ್ಕಾಗಿ ಹೊಸೆದ ಹೊಸ ಪದಗಳ ಸೊಗಸು ಭಾಷಾಂತರವಿಲ್ಲದೆ ಅವರಿಗೆ ದಕ್ಕಿತು. ಕಾಸರಗೋಡಿನ ನಾವು ರಾಮು ಕಾರ್ಯಾಟರ 'ಚೆಮ್ಮೀನ್' (೧೯೬೫) ಚಿತ್ರವನ್ನು ನೆರೆಮನೆಯ ಕಥೆಯಂತೆ ಕಂಡೆವು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕನ್ನಡಿಗರ ಉದಾಹರಣೆಯಂತೂ ವಿಮರ್ಶೆಯ ಪಾಠವಾಗಿ ನಿಲ್ಲುವಂಥದು. ಅವರಿಗೆ ತುಕಾರಾಮರು ಇಬ್ಬರು. ಪ್ರಭಾತ ಸಂಸ್ಥೆಯ ಮರಾಠಿ 'ಸಂತ ತುಕಾರಾಮ' (೧೯೩೬) ಒಂದು; ರಾಜಕುಮಾರರು ನಟಿಸಿದ ಕನ್ನಡದ 'ಸಂತ ತುಕಾರಾಂ' (೧೯೬೩) ಇನ್ನೊಂದು. ದಾಮ್ಲೆ, ಫತ್ತೇಲಾಲರು ನಿರ್ದೇಶಿಸಿದ ಮೊದಲನೆಯದು ೧೯೩೭ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಅದರಲ್ಲಿ ತುಕಾರಾಮನ ಪಾತ್ರದ ವಿಷ್ಣುಪಂತ ಪಾಗ್ನೀಸರನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಮೆಚ್ಚುಗೆ ತುಕಾರಾಮನ ಹೆಂಡತಿಯಾಗಿ ನಟಿಸಿದ ಗೌರಿಯವರಿಗೆ ಸಲ್ಲುತ್ತದೆ. ಪ್ರಭಾತ ಸಂಸ್ಥೆಯಲ್ಲಿ ಕೂಲಿ ಕೆಲಸಕ್ಕೆ ಸೇರಿ ನಟಿಯಾದವರು ಅವರು. ಎಮ್ಮೆಯನ್ನೂ ಮಕ್ಕಳನ್ನೂ ಒಂದೇ ದನಿಯಲ್ಲಿ ಗದರುವ, ಮಗು ಕಾಯಿಲೆಬಿದ್ದಾಗ ಚಪ್ಪಲಿ ಹಿಡಿದು ದೇವರ ಮುಂದೆಯೇ ಹೋಗಿ ನಿಲ್ಲುವ ಆ ಹೆಂಗಸಿನ ಮಾತು ಹಳ್ಳಿಯ ಮರಾಠಿ. ಗಂಡನ ಅಭಂಗದ ಭಾಷೆ ಮೇಲಕ್ಕೆ ಏರುತ್ತಿರುವಾಗ ಹೆಂಡತಿಯ ಭಾಷೆ ಅದನ್ನು ಒಲೆಯ ಬಳಿಗೆ ಎಳೆದು ತರುತ್ತದೆ. ಈ ಎಳೆದಾಟವೇ ಆ ಚಿತ್ರದ ಜೀವ. ಕನ್ನಡದ ತುಕಾರಾಮನಲ್ಲಿ ಭಕ್ತಿಗೆ ಕೊರತೆಯಿಲ್ಲ, ರಾಜಕುಮಾರರ ನಟನೆಗೂ ಕೊರತೆಯಿಲ್ಲ. ಆದರೆ ಅಲ್ಲಿ ಗಂಡಹೆಂಡಿರ ಮಾತಿನ ನಡುವೆ ಇಷ್ಟು ದೂರವಿಲ್ಲ. ಈ ವ್ಯತ್ಯಾಸ ಎರಡು ನುಡಿಯ ಕಿವಿಯುಳ್ಳವನಿಗೆ ಹೊಳೆಯುವಷ್ಟು ಬೇಗ ಬೇರೆಯವರಿಗೆ ಹೊಳೆಯಲಾರದು.

ದೇಶದ ಅಭಿಮಾನ ರಸಕ್ಕೆ ವಿಘ್ನವೆಂದು ಅಭಿನವಗುಪ್ತನು ಹೇಳಿದುದು ನಿಜವೇ. ಆದರೆ ಅದೇ ದೇಶ ನಮಗೊಂದು ಕಿವಿಯನ್ನೂ ಕೊಟ್ಟಿದೆ. ಆ ಕಿವಿಯಿಂದ ಕನ್ನಡ ಚಿತ್ರಗಳನ್ನು ಕೇಳಿದರೆ ಹಳತು ಹೊಸತುಗಳ ಜಗಳ ಬೇರೆಯೇ ರೂಪ ತಾಳುತ್ತದೆ.

೧೯೫೪ರ 'ಬೇಡರ ಕಣ್ಣಪ್ಪ'ನನ್ನು ತೆಗೆದುಕೊಳ್ಳಿ. ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದ, ರಾಜಕುಮಾರರು ಮೊದಲ ಬಾರಿಗೆ ನಾಯಕರಾದ ಚಿತ್ರವದು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೆಲ್ಲ ನಾಟಕ ಕಂಪನಿಯಲ್ಲಿ ಪಳಗಿದವರು. ಬೇಡರ ಹಟ್ಟಿಯ ಮಾತೂ ಅಲ್ಲಿ ರಂಗದ ಮೇಲಿನ ಮಾತಿನಂತೆ ಬಿಡಿಬಿಡಿಯಾಗಿ, ಕೊನೆಯ ಸಾಲಿನವನಿಗೂ ಮುಟ್ಟುವಂತೆ ಬರುತ್ತದೆ. ಇದನ್ನು ಕೃತಕವೆಂದು ಇಂದಿನ ತರುಣರು ನಗುತ್ತಾರೆ. ಆದರೆ ಆ ಕಾಲವನ್ನು ನೆನೆಯಬೇಕು. ೧೯೫೬ಕ್ಕೆ ಮೊದಲು ಕನ್ನಡಿಗರು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಎಂದು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವನಿಗೂ ಚಾಮರಾಜನಗರದವನಿಗೂ ಸಮನಾಗಿ ತಿಳಿಯುವ ಕನ್ನಡ ಯಾರ ಮನೆಯ ಕನ್ನಡವೂ ಆಗಿರಲಿಲ್ಲ. ನಾಟಕ ಕಂಪನಿಗಳು ಊರೂರು ತಿರುಗಿ ಅಂಥದೊಂದು ಕನ್ನಡವನ್ನು ಸಿದ್ಧಪಡಿಸಿದ್ದವು. ಸಿನಿಮಾ ಅದನ್ನು ಎತ್ತಿಕೊಂಡಿತು. ರಾಜ್ಯ ಒಂದಾಗುವ ಮೊದಲೇ ಕಿವಿಗಳು ಒಂದಾದವು.

ಈ ಕನ್ನಡ ನಮ್ಮ ಕಾಸರಗೋಡಿಗೆ ಇನ್ನೂ ಒಂದು ಉಪಕಾರ ಮಾಡಿತು. ಇಲ್ಲಿನ ಮಗುವಿನ ಮನೆಮಾತು ತುಳು ಇರಬಹುದು, ಕೊಂಕಣಿ ಇರಬಹುದು, ಮಲಯಾಳ, ಮರಾಠಿ, ಬ್ಯಾರಿ ಇರಬಹುದು, ಹವ್ಯಕ ಕನ್ನಡವಿರಬಹುದು. ಕನ್ನಡವನ್ನು ಅದು ಪುಸ್ತಕದಿಂದ ಕಲಿಯುತ್ತದೆ. ಪುಸ್ತಕದ ಕನ್ನಡವನ್ನು ಜೀವಂತವಾಗಿ ಆಡುವ ಮನುಷ್ಯರನ್ನು ಅದು ಕಂಡುದು ಎರಡೇ ಕಡೆ: ಯಕ್ಷಗಾನದಲ್ಲಿ, ಮತ್ತು ರಾಜಕುಮಾರರ ಚಿತ್ರಗಳಲ್ಲಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಲಿಸಲು ನಾವು ತರಗತಿಯಲ್ಲಿ ಪಡುವ ಪಾಡು ನಮಗೇ ಗೊತ್ತು. 'ಮಯೂರ' (೧೯೭೫), 'ಬಭ್ರುವಾಹನ' (೧೯೭೭), 'ಕವಿರತ್ನ ಕಾಳಿದಾಸ' (೧೯೮೩) ಇವು ಆ ಕೆಲಸವನ್ನು ಹುಡುಗರಿಗೆ ಗೊತ್ತಾಗದಂತೆಯೇ ಮಾಡಿಬಿಟ್ಟವು. ಬಭ್ರುವಾಹನನ ವೀರಾಲಾಪಗಳನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಒಪ್ಪಿಸಿದ ಹುಡುಗನಿಗೆ ವ್ಯಾಕರಣದಲ್ಲಿ ಎಷ್ಟೇ ಅಂಕ ಬರಲಿ, ಉಚ್ಚಾರಣೆಯಲ್ಲಿ ಅವನನ್ನು ತಿದ್ದಬೇಕಾಗಿರಲಿಲ್ಲ. ಆದುದರಿಂದ ನಮ್ಮ ಹಿರಿಯ ಅಭಿಮಾನಿಗಳು ರಾಜಕುಮಾರರನ್ನು ಹೊಗಳುವಾಗ ಅವರ ಮನಸ್ಸಿನಲ್ಲಿರುವುದು ನಟನೊಬ್ಬನೇ ಅಲ್ಲ. ಎಲ್ಲರನ್ನೂ ಸೇರಿಸುವ ಕನ್ನಡವೊಂದು ಅವರ ಮನಸ್ಸಿನಲ್ಲಿದೆ. ರಾಜ್ಯದ ಹೊರಗೆ ಉಳಿದವರಿಗೆ ಅದು ರಾಜ್ಯಕ್ಕಿಂತ ಹತ್ತಿರವಾಗಿತ್ತು.

ಆದರೆ ಆ ಕನ್ನಡದಲ್ಲಿ ನಾವು ಎಲ್ಲಿಯೂ ಇರಲಿಲ್ಲ. 'ಉಂಟು' ಎನ್ನುವವನು, 'ಎಂತದು ಮಾರಾಯ' ಎನ್ನುವವನು ಹಳೆಯ ಚಿತ್ರಗಳಲ್ಲಿ ಬಂದರೆ ನಗಿಸಲಿಕ್ಕೇ ಬರುತ್ತಿದ್ದನು. ಮಂಗಳೂರಿನ ಭಟ್ಟ, ಹೋಟೆಲಿನ ಯಜಮಾನ. ಒಂದು ನಗೆ, ಅಷ್ಟಕ್ಕೆ ಮುಗಿಯಿತು. ಹೊಸತಿನ ಪಕ್ಷದ ತರುಣರ ಮನಸ್ಸಿನಲ್ಲಿರುವುದು ಈ ಕೊರತೆ. ಅವರು ಕೇಳುತ್ತಿರುವುದು ಮನೆಯ ಕನ್ನಡವನ್ನು. ಹೀಗಿರಲಾಗಿ ಎರಡು ಪಕ್ಷದವರೂ ಹಳೆಯ ಸಿನಿಮಾ ಹೊಸ ಸಿನಿಮಾ ಎಂದು ವಾದಿಸುತ್ತಿದ್ದರೂ ನಿಜವಾದ ಜಗಳವಿರುವುದು ಎರಡು ಕನ್ನಡಗಳ ನಡುವೆ.

ಈ ಜಗಳವನ್ನು ಬಹು ಹಿಂದೆಯೇ ಅರಿತುಕೊಂಡಂತೆ ಕಾಣುವ ಚಿತ್ರ 'ಚೋಮನ ದುಡಿ' (೧೯೭೫). ಶಿವರಾಮ ಕಾರಂತರ ಕಾದಂಬರಿ ೧೯೩೩ರದು. ಚಿತ್ರದ ನಿರ್ದೇಶಕರು ಬಿ. ವಿ. ಕಾರಂತರು, ಕಪ್ಪುಬಿಳುಪಿನ ಛಾಯಾಗ್ರಹಣ ಎಸ್. ರಾಮಚಂದ್ರರದು. ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂದಿತು. ಬಹುಕಾಲ ಸಣ್ಣಪುಟ್ಟ ಪಾತ್ರಗಳಲ್ಲಿಯೇ ಉಳಿದಿದ್ದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಚೋಮನ ಮನೆಮಾತು ತುಳು. ಕಾದಂಬರಿ ಕನ್ನಡ, ಚಿತ್ರವೂ ಕನ್ನಡ. ಓದಿನಲ್ಲಿ ಈ ಅಂತರ ಅಷ್ಟಾಗಿ ಬಾಧಿಸದು. ತೆರೆಯ ಮೇಲೆ ಮನುಷ್ಯನ ಬಾಯಿಂದಲೇ ಮಾತು ಹೊರಡಬೇಕಾಗುತ್ತದೆ. ಚೋಮನು ಯಾವ ಕನ್ನಡ ಆಡಬೇಕು? ಕಂಪನಿಯ ಕನ್ನಡವಾದರೆ ಅವನು ಸುಳ್ಳಾಗುತ್ತಾನೆ. ನಗೆಯ ಮಂಗಳೂರು ಕನ್ನಡವಾದರೆ ಅವನಿಗೆ ಅವಮಾನವಾಗುತ್ತದೆ.

ಬಿ. ವಿ. ಕಾರಂತರು ಈ ತೊಡಕನ್ನು ಬಿಡಿಸಿದ ಬಗೆ ನಮಗೆ ಬಹಳ ದೊಡ್ಡದೆಂದು ತೋರುತ್ತದೆ. ಅವರು ಚೋಮನ ಮಾತನ್ನು ಕಡಮೆ ಮಾಡಿದರು, ದುಡಿಗೆ ಮಾತು ಕೊಟ್ಟರು. ಚಿತ್ರದ ಸಂಗೀತವೂ ಅವರದೇ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವಂತಕ್ಕೊಂದು ತುಂಡು ಗದ್ದೆಯನ್ನು ಉಳಬೇಕೆಂಬ ಆಸೆ, ಜ್ವರದಲ್ಲಿ ಮಗ ಸತ್ತ ಸಂಕಟ, ಇನ್ನೊಬ್ಬ ಮಗ ಮತವನ್ನೇ ಬಿಟ್ಟು ಹೋದ ಬೇಗುದಿ, ಮುಟ್ಟಿ ಮೇಲೆತ್ತುವವರಿಲ್ಲದೆ ಮಗು ನೀರುಪಾಲಾದ ದುಃಖ, ಇವು ಯಾವುವನ್ನೂ ಚೋಮನು ಭಾಷಣವಾಗಿ ಹೇಳುವುದಿಲ್ಲ. ರಾತ್ರಿ ಹಟ್ಟಿಗೆ ಬಂದು ದುಡಿ ಬಡಿಯುತ್ತಾನೆ. ಒಮ್ಮೆ ಅದು ಕುಣಿತ, ಒಮ್ಮೆ ಸಿಟ್ಟು, ಕೊನೆಯಲ್ಲಿ ಅದೇ ಸಾವು. ಮೇಲ್ಜಾತಿಯವರಿಗೆ ಮಾತಿದೆ, ತೋಟದವರಿಗೆ ಲೆಕ್ಕದ ಪುಸ್ತಕವಿದೆ, ಚೋಮನಿಗೆ ಚರ್ಮದ ಸದ್ದು. ಕನ್ನಡವೂ ಅಲ್ಲದ ತುಳುವೂ ಅಲ್ಲದ ಈ ಸದ್ದನ್ನು ಕೇಳಿ ಮಂಜೇಶ್ವರದವನಿಗೂ ಮಂಡ್ಯದವನಿಗೂ ಸಮನಾಗಿ ಎದೆ ನಡುಗುತ್ತದೆ. ಹಳೆಯ ಚಿತ್ರವೆಂದು ಇದನ್ನು ಹೊಗಳುವ ಹಿರಿಯರೂ, ನಿಧಾನವೆಂದು ದೂರುವ ಕಿರಿಯರೂ ಒಂದು ಸಲ ಕಣ್ಣುಮುಚ್ಚಿ ಅದನ್ನು ಕೇಳಿ ನೋಡಬೇಕು. ನಿಧಾನವೆಂಬ ದೂರು ಅರ್ಧ ಕಡಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲವೆಂಬುದನ್ನೂ ಹೇಳಬೇಕು. ನಡುಭಾಗದಲ್ಲಿ ಚಿತ್ರ ಕೆಲವೆಡೆ ಕಾದಂಬರಿಯ ಪುಟ ತಿರುವುತ್ತಾ ಹೋಗುತ್ತದೆ.

ಮನೆಯ ಕನ್ನಡಕ್ಕೆ ತೆರೆಯ ಮೇಲೆ ಪೂರ್ಣ ಮರ್ಯಾದೆ ಸಿಕ್ಕ ಹೊಸ ಕಾಲದ ಚಿತ್ರವೆಂದರೆ 'ತಿಥಿ'. ೨೦೧೫ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು ೨೦೧೬ರಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು. ರಾಮ್ ರೆಡ್ಡಿಯವರು ಈರೇಗೌಡರ ಜೊತೆ ಬರೆದು ನಿರ್ದೇಶಿಸಿದ ಈ ಚಿತ್ರದಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ನಟರು. ನೂರು ದಾಟಿದ ಮುದುಕನೊಬ್ಬ ಸತ್ತ ಮೇಲೆ ಹನ್ನೊಂದು ದಿನಗಳಲ್ಲಿ ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಾರಿ ಹಿಡಿಯುವುದು ಕಥೆ. ಅಲ್ಲಿನ ಮಾತು ಯಾರನ್ನೂ ನಗಿಸಲು ಹೊರಟದ್ದಲ್ಲ. ಆದರೂ ನಗು ಬರುತ್ತದೆ, ಏಕೆಂದರೆ ಮನುಷ್ಯರು ಹಾಗಿದ್ದಾರೆ. ನಮ್ಮ ಕಡೆಯ ಕೆಲವರು ಆ ನುಡಿ ತಮಗೆ ಅರ್ಥವಾಗದೆ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಓದಿಕೊಂಡೆವೆಂದರು. ಕನ್ನಡಿಗನು ಕನ್ನಡ ಚಿತ್ರವನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳುವ ಸ್ಥಿತಿ ಹಾಸ್ಯವೋ ವಿಷಾದವೋ ವಾಚಕರೇ ನಿರ್ಣಯಿಸಲಿ. ಸೇರಿಸುವ ಕನ್ನಡದ ಪಕ್ಷದವರಿಗೆ ಇದೊಂದು ಬಲವಾದ ಆಧಾರವೆಂಬುದನ್ನು ಒಪ್ಪಲೇಬೇಕು.

ಈಗ ನಮಗೆ ಅತ್ಯಂತ ಹತ್ತಿರದ, ಆದುದರಿಂದಲೇ ಅತ್ಯಂತ ಕಷ್ಟದ ಚಿತ್ರಕ್ಕೆ ಬರುತ್ತೇವೆ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ೨೦೧೮ರ ಆಗಸ್ಟಿನಲ್ಲಿ ತೆರೆಕಂಡಿತು. ನಿರ್ದೇಶಕರು ರಿಷಬ್ ಶೆಟ್ಟಿಯವರು. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಗಡಿಯಾಚೆಯ ಕನ್ನಡ ಶಾಲೆಯೊಂದಕ್ಕೆ ಕನ್ನಡ ಬಾರದ ಗಣಿತದ ಅಧ್ಯಾಪಕರು ಬರುತ್ತಾರೆ. ಶಾಲೆಗೆ ಬೀಗ ಬೀಳುವ ಸ್ಥಿತಿ ಒದಗುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಹಿರಿಯರೊಬ್ಬರನ್ನು ಕರೆತರುತ್ತಾರೆ. ನ್ಯಾಯಾಲಯದಲ್ಲಿ ವಾದ ನಡೆದು ಶಾಲೆ ಉಳಿಯುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕನ್ನಡವರಿಯದವರ ನೇಮಕ ಕಟ್ಟುಕಥೆಯಲ್ಲವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಈ ಚಿತ್ರದ ವಿಷಯದಲ್ಲಿ ನಮ್ಮವರ ಅಭಿಮಾನಕ್ಕೆ ಮೇರೆಯೇ ಇಲ್ಲ. 'ಕಡೆಗೂ ನಮ್ಮನ್ನು ಒಬ್ಬರು ಕಂಡರಲ್ಲ' ಎಂಬ ಮಾತನ್ನು ನಾವು ಎಷ್ಟೋ ಬಾಯಿಂದ ಕೇಳಿದೆವು, ನಾವೂ ಆಡಿದೆವು. ಅದರಲ್ಲಿ ದೋಷ ಹೇಳಿದರೆ ಶಾಲೆಗೇ ದ್ರೋಹ ಬಗೆದಂತೆ ಎಂಬ ಭಾವನೆಯೂ ಕೆಲವರಲ್ಲಿದೆ. ರಸವಿಘ್ನವೆಂದರೆ ಇದೇ. ಅಧ್ಯಾಪಕರಾದ ನಾವೇ ಇದನ್ನು ದಾಟದಿದ್ದರೆ ಮತ್ತಾರು ದಾಟಬೇಕು?

ಚಿತ್ರದ ಮೊದಲ ಭಾಗದ ಕಿವಿ ನಿಜವಾದುದು. ಹುಡುಗರು ಮಾತಾಡುವುದು ನಮ್ಮ ಶಾಲೆಯ ಅಂಗಳದ ಕನ್ನಡ. ಹಿಂದೂ, ಮುಸಲ್ಮಾನ, ಬೇರೆಬೇರೆ ಮನೆಮಾತಿನ ಮಕ್ಕಳು ಕೂಡಿ ಕಲಿತ ಕನ್ನಡವೆಂಬುದು ಅದರ ಏರಿಳಿತದಲ್ಲಿಯೇ ತಿಳಿಯುತ್ತದೆ. 'ಉಂಟು' ಎಂಬ ಮಾತಿಗೆ ಇಲ್ಲಿ ನಗುವ ಅಗತ್ಯವಿಲ್ಲ, ಏಕೆಂದರೆ ತೆರೆಯ ಮೇಲಿನ ಎಲ್ಲರೂ ಹಾಗೆಯೇ ಆಡುತ್ತಾರೆ. ದಾನಿಯ ಹೆಸರನ್ನು ಗೋಡೆಗೂ ಬೆಂಚಿಗೂ ಬರೆಯುವ ನಮ್ಮ ಊರಿನ ಪದ್ಧತಿಯನ್ನು ಚಿತ್ರದ ಶೀರ್ಷಿಕೆಗೇ ಏರಿಸಿದ ಚಮತ್ಕಾರವಂತೂ ಊರನ್ನು ಬಲ್ಲವನಿಗೇ ಹೊಳೆಯತಕ್ಕದ್ದು. ಅರ್ಥವಾಗದ ಭಾಷೆಯಲ್ಲಿ ಗಣಿತದ ಪಾಠ ನಡೆಯುವ ಸನ್ನಿವೇಶದಲ್ಲಿ ನಗುತ್ತ ನಗುತ್ತ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ.

ಎರಡನೆಯ ಭಾಗದಲ್ಲಿ ಕಿವಿ ಬದಲಾಗುತ್ತದೆ. ಅನಂತನಾಗ್ ಅವರು ನಮ್ಮ ಕಾಲದ ಶ್ರೇಷ್ಠ ನಟರಲ್ಲೊಬ್ಬರು. ಅವರು ಬಂದೊಡನೆ ಚಿತ್ರಕ್ಕೆ ಲವಲವಿಕೆ ಬರುತ್ತದೆ. ಆದರೆ ಅಂಗಳದ ಕನ್ನಡ ಅಲ್ಲಿಗೆ ಹಿಂದೆ ಸರಿಯುತ್ತದೆ. ನ್ಯಾಯಾಲಯದ ದೃಶ್ಯದಲ್ಲಿ ಕೇಳಿಬರುವುದು ವೇದಿಕೆಯ ಕನ್ನಡ, ಕರ್ನಾಟಕದ ಚಿತ್ರಮಂದಿರದ ಚಪ್ಪಾಳೆಯನ್ನು ಎದುರುನೋಡುವ ಕನ್ನಡ. ಮಕ್ಕಳು ಬೆಂಚಿನ ಮೇಲೆ ಕುಳಿತು ಕೇಳುವವರಾಗುತ್ತಾರೆ. ತಮ್ಮ ಶಾಲೆಯ ಮೊಕದ್ದಮೆಯಲ್ಲಿ ಅವರ ನುಡಿಗೆ ಸಾಕ್ಷಿಯ ಸ್ಥಾನವೂ ಸರಿಯಾಗಿ ಸಿಗುವುದಿಲ್ಲ. ಗಡಿನಾಡಿನ ಕನ್ನಡವನ್ನು ಉಳಿಸಲು ಬಂದ ಚಿತ್ರವು ಅದನ್ನು ಉಳಿಸುವ ಹೊತ್ತಿಗೆ ಬೇರೆ ಕನ್ನಡಕ್ಕೆ ಕೈಚಾಚಿತಲ್ಲ ಎಂಬುದು ನಮ್ಮ ಆಕ್ಷೇಪ. ಇದನ್ನು ಒಂದು ಪಕ್ಷದ ಅಭಿಮಾನಿಗಳು ಒಪ್ಪುವುದಿಲ್ಲ. 'ನ್ಯಾಯಾಲಯದಲ್ಲಿ ಎಲ್ಲರಿಗೂ ತಿಳಿಯುವ ಕನ್ನಡವೇ ಬೇಕಲ್ಲವೇ' ಎನ್ನುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ತಿಳಿಯುವುದು ಒಂದು, ಚಪ್ಪಾಳೆಗಾಗಿ ನಿಂತು ಕಾಯುವುದು ಇನ್ನೊಂದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಚಿತ್ರವು ಎದುರುಪಕ್ಷದ ಮಲಯಾಳಿ ಅಧಿಕಾರಿಯನ್ನು ನಗೆಗೀಡು ಮಾಡುತ್ತದೆ. ಹಿಂದಿನ ಚಿತ್ರಗಳು ಮಂಗಳೂರಿನ ಕನ್ನಡಕ್ಕೆ ಮಾಡಿದುದನ್ನೇ ಇದು ನೆರೆಯವನ ಮಲಯಾಳಕ್ಕೆ ಮಾಡಿದೆ. ನಮ್ಮ ಬಾಳು ಹಾಗಿಲ್ಲ. ಆಚೆ ಮನೆಯವರು ಮಲಯಾಳಿಗಳು. ಶಾಲೆಯ ಬಿಸಿಯೂಟ ಬೇಯಿಸುವವರು, ಜೊತೆಯ ಅಧ್ಯಾಪಕರು ಮಲಯಾಳಿಗಳು. ಕನ್ನಡ ಶಾಲೆಗೆ ಒದಗುವ ಕೇಡು ದುಷ್ಟನೊಬ್ಬನ ಸಂಚಿನಿಂದ ಬರುವುದಿಲ್ಲ. ಯಾರಿಗೂ ದ್ವೇಷವಿಲ್ಲದ ನೇಮಕದ ಆದೇಶವೊಂದರ ರೂಪದಲ್ಲಿ ಅದು ಟಪಾಲಿನಲ್ಲಿ ಬರುತ್ತದೆ. ಸಂವಿಧಾನದ ೩೫೦-ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಕೇರಳದ ೧೯೬೯ರ ಆಡಳಿತ ಭಾಷಾ ಕಾಯಿದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಈ ಕಾಗದಗಳಿಗೂ ಆ ಟಪಾಲಿಗೂ ನಡುವೆ ಕಡತಗಳಲ್ಲಿ ನಡೆಯುವ ಕಾದಾಟದಲ್ಲಿ ಖಳನಾಯಕನಿಲ್ಲ, ಚಪ್ಪಾಳೆಯೂ ಇಲ್ಲ. ಕನ್ನಡದ ತಂದೆತಾಯಂದಿರೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವ ಸಂಗತಿಯನ್ನಂತೂ ಚಿತ್ರ ಮುಟ್ಟಿಯೂ ಮುಟ್ಟದಂತೆ ಸರಿಸಿಬಿಡುತ್ತದೆ. ಎರಡೂವರೆ ಗಂಟೆಯ ಮನರಂಜನೆಯಲ್ಲಿ ಇದೆಲ್ಲವನ್ನೂ ತುಂಬಲಾಗದೆಂದು ಅಭಿಮಾನಿಗಳು ಹೇಳುತ್ತಾರೆ. ತುಂಬಬೇಕಾಗಿರಲಿಲ್ಲ, ಒಬ್ಬ ಒಳ್ಳೆಯ ಮಲಯಾಳಿ ನೆರೆಯವನಿಗೆ ಒಂದು ಗಂಭೀರ ದೃಶ್ಯವನ್ನು ಕೊಟ್ಟಿದ್ದರೂ ಚಿತ್ರದ ತೂಕ ಬೇರೆಯಾಗುತ್ತಿತ್ತು.

ಇಷ್ಟು ಹೇಳಿದ ಮೇಲೂ ಈ ಚಿತ್ರವನ್ನು ನಮ್ಮ ಮಕ್ಕಳಿಗೆ ನಾವು ಮತ್ತೆ ತೋರಿಸುತ್ತೇವೆ. ಮೊದಲ ಒಂದು ಗಂಟೆಗಾಗಿ ತೋರಿಸುತ್ತೇವೆ.

ಅದೇ ನಿರ್ದೇಶಕರ 'ಕಾಂತಾರ' (೨೦೨೨) ಬಂದಾಗ ಹಳತು ಹೊಸತುಗಳ ಪಕ್ಷಗಳು ಗಲಿಬಿಲಿಗೊಂಡವು. ಹೊಸತನ್ನು ಹಳಿಯುತ್ತಿದ್ದ ಹಿರಿಯರು ಕೋಲದ ದೃಶ್ಯದಲ್ಲಿ ಕೈಮುಗಿದರು. ಹಳೆಯದನ್ನು ನಾಟಕವೆಂದು ನಗುತ್ತಿದ್ದ ತರುಣರು ಹಳೆಯ ನಂಬಿಕೆಯ ಚಿತ್ರವೊಂದನ್ನು ಮೂರು ಮೂರು ಸಲ ನೋಡಿದರು. ಚಿತ್ರದ ಗುಣದೋಷಗಳ ವಿಚಾರ ಬೇರೆ ಲೇಖನಕ್ಕೆ ತಕ್ಕುದು. ನಾಯಕನ ಒರಟುತನವನ್ನು ಅದು ಬೇಕಾದುದಕ್ಕಿಂತ ಹೆಚ್ಚು ಮುದ್ದಿಸುತ್ತದೆಂದು ಮಾತ್ರ ಇಲ್ಲಿ ಹೇಳಿಬಿಡುತ್ತೇವೆ. ನಮ್ಮ ಪ್ರಶ್ನೆಗೆ ಸಂಬಂಧಿಸಿದ ಸಂಗತಿ ಇದು: ಕರಾವಳಿಯ ನುಡಿಯಲ್ಲಿಯೇ ತಯಾರಾದ ಈ ಕನ್ನಡ ಚಿತ್ರ ಮಲಯಾಳ, ತೆಲುಗು, ತಮಿಳು, ಹಿಂದಿಗಳಿಗೆ ಹೋದ ಬಳಿಕ ತುಳುವಿಗೂ ಹೋಯಿತು. ಕುಂಬಳೆ, ಮಂಜೇಶ್ವರಗಳ ಕಡೆಯವರಿಗೆ ಒಂದೇ ಚಿತ್ರವನ್ನು ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಕೇಳುವ ಅವಕಾಶ ಒದಗಿತು. ಮೂರನ್ನೂ ಕೇಳಿದವರು ಹೇಳುವ ಅಭಿಪ್ರಾಯ ಒಂದೇ ತೆರನಾಗಿಲ್ಲ. ಮಾತು ಕನ್ನಡದಲ್ಲೇ ಚೆನ್ನ ಎನ್ನುವವರಿದ್ದಾರೆ. ದೈವದ ಮುಂದೆ ನಿಂತ ಮನುಷ್ಯ ತುಳುವಿನಲ್ಲಿ ಮಾತನಾಡಿದಾಗಲೇ ಮೈ ಜುಮ್ಮೆಂದಿತು ಎನ್ನುವವರಿದ್ದಾರೆ. ಎಲ್ಲರೂ ಒಪ್ಪುವ ಒಂದು ಸ್ಥಳ ಮಾತ್ರ ಇದೆ. ಕೊನೆಯಲ್ಲಿ ಮೈದುಂಬಿದ ನಾಯಕನ ಬಾಯಿಂದ ಹೊರಡುವ ಕೂಗು ಮೂರು ಭಾಷೆಯಲ್ಲಿಯೂ ಒಂದೇ. ಅದನ್ನು ಯಾರೂ ಭಾಷಾಂತರಿಸಲಿಲ್ಲ.